ನಾದಿನಿಯ ತಲೆಗೆ ಕಟ್ಟಿದ್ದು

ಬೀದಿಗೆಲ್ಲ ಅವಳು ಟೈಲರ್ ಅತ್ತಿಗೆ. ಸೂಜಿಗೆ ದಾರ ಪೋಣಿಸಬೇಕಾದರೂ ಪ್ರಾರ್ಥನೆ ಮಾಡುವವಳು. ದೇವರಿಗೂ ಬೇರೆ ಕೆಲಸ ಇರುತ್ತದೆ ಎಂಬ ಕನಿಕರ ಅವಳಿಗಿರಲಿಲ್ಲ.

ಅಂದು ಮದುವೆಯ ಬಿಳಿ ಗೌನಿಗೆ ಕೊನೆಯ ಇಸ್ತ್ರಿ ಹಾಕುತ್ತಿದ್ದಳು. ಹುಡುಗಿಯ ಸಂಸಾರ ಚೆನ್ನಾಗಿರಲಿ ಎಂದು ನಡುವೆಯೇ ಕಣ್ಣು ಮುಚ್ಚಿದಳು. ಪ್ರಾರ್ಥನೆ ಹುಡುಗಿಯಿಂದ ಹುಡುಗನಿಗೆ, ಹುಡುಗನಿಂದ ಅವನ ತಾಯಿಗೆ, ಅಲ್ಲಿಂದ ತನ್ನ ಅತ್ತೆಯ ಮಂಡಿನೋವಿಗೆ ಹೋಯಿತು. ಅಷ್ಟರಲ್ಲಿ ಅಂಗಡಿಯ ಮುಂದೆ ಯಾರೋ ಕೂಗಿದರು. "ಆಮೆನ್" ಎಂದವಳೇ ಎದ್ದು ಹೋದಳು. ಬಿಸಿ ಇಸ್ತ್ರಿ ಪೆಟ್ಟಿಗೆ ಗೌನಿನ ಮೇಲೆಯೇ ಉಳಿಯಿತು.

ಸುಟ್ಟ ವಾಸನೆಗೆ ಹಿಂದಿನ ಕೋಣೆಯಿಂದ ನಾದಿನಿ ಓಡಿಬಂದು ಅದನ್ನು ಎತ್ತಿದಳು. ಗಂಡ ತೀರಿಕೊಂಡ ಮೇಲೆ ಇದೇ ಅಂಗಡಿಯಲ್ಲಿ ಗುಂಡಿ ಹೊಲಿದು, ಇಸ್ತ್ರಿ ಹಾಕಿಕೊಂಡಿದ್ದವಳು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದುದರಿಂದ ಎಲ್ಲರಿಗೂ ಅವಳು 'ಮರೆಗುಳಿ'. ಸರಿಯಾಗಿ ಆ ಹೊತ್ತಿಗೇ ಮದುಮಗಳ ತಾಯಿ ಒಳಗೆ ಬಂದಳು. ಇವಳ ಕೈಯಲ್ಲಿ ಇಸ್ತ್ರಿ, ಗೌನಿನ ಮೇಲೆ ಕಂದು ಕಲೆ. ಬಾಯಿಗೆ ಬಂದಂತೆ ಬೈದಳು.

ಗಲಾಟೆ ಕೇಳಿ ಅತ್ತಿಗೆ ಬಂದಾಗ ನಾದಿನಿ ಅಳುತ್ತಿದ್ದಳು. "ನಾನೇ ಇಟ್ಟು ಮರೆತಿರ್ಬೇಕು ಅತ್ತಿಗೆ. ಬೆಳಿಗ್ಗೆ ಮುಟ್ಟಿದ್ದೆ ಅನ್ಸುತ್ತೆ."

ನಿಜ ಅತ್ತಿಗೆಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಚರ್ಚಿನ ಹೆಂಗಸರಿಗೆ ಬೈಬಲ್ ಹೇಳಿಕೊಡುವವಳು ಗಿರಾಕಿಯ ಮುಂದೆ ಸಣ್ಣವಳಾಗುವುದು ಹೇಗೆ?

"ಹೋಗ್ಲಿ ಬಿಡು," ಎಂದಳು. "ಯೇಸುಸ್ವಾಮಿ ನಮ್ಮನ್ನ ಕ್ಷಮಿಸಿಲ್ವಾ? ನಾನೂ ಕ್ಷಮಿಸ್ದೆ."

ಕಲೆಯ ಮೇಲೆ ಲೇಸಿನ ಪಟ್ಟಿ ಕೂತಿತು, ಮದುವೆ ಸಾಂಗವಾಗಿ ನಡೆಯಿತು. ಎಂಥ ದೊಡ್ಡ ಮನಸ್ಸು ಎಂದು ಚರ್ಚಿನಲ್ಲೆಲ್ಲ ಹೊಗಳಿದರು. ನಾದಿನಿ ಮಾತ್ರ ಇಸ್ತ್ರಿ ಮುಟ್ಟುವುದನ್ನು ಬಿಟ್ಟಳು, ಆಮೇಲೆ ಒಲೆ ಹಚ್ಚುವುದನ್ನೂ ಬಿಟ್ಟಳು. ತಲೆಯೇ ಕೆಡುತ್ತಿದೆ ಎಂಬ ಭಯ ಹೊಕ್ಕಿತ್ತು. ಅತ್ತಿಗೆಯೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಅವಳ ಕೈ ಹಿಡಿದು ಕೂತಳು. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರೂ ನಾದಿನಿ ನಂಬಲಿಲ್ಲ. ಅತ್ತಿಗೆಗೆ ಕಣ್ಣು ಮುಚ್ಚಿದರೆ ಸಾಕು, ಸುಟ್ಟ ವಾಸನೆ. ನಾಚಿಕೆಯಿಂದ ಕುಗ್ಗಿಹೋಗಿದ್ದಳು, ಆದರೂ ಬಾಯಿ ಬಿಡಲಿಲ್ಲ. ಹೊಗಳಿಸಿಕೊಂಡ ಮೇಲೆ ನಿಜ ಹೇಳುವುದು ಇನ್ನೂ ಕಷ್ಟ.

ಒಂದು ಭಾನುವಾರ ಚರ್ಚಿನ ಬಾಗಿಲಲ್ಲಿ ನಾದಿನಿಯ ಮಗಳು ಹಸುಗೂಸನ್ನು ಚಾಚಿದಳು. "ಅಮ್ಮಾ, ಸ್ವಲ್ಪ ಹಿಡ್ಕೋ."

ನಾದಿನಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಬೇಡ ಕಣೇ. ಎಲ್ಲಾದ್ರೂ ಮಲಗಿಸಿ ಮರೆತುಬಿಟ್ರೆ?"

ಅತ್ತಿಗೆ ಅವಳೆದುರು ಬಂದು ನಿಂತಳು.

"ಗೌನ್ ಸುಟ್ಟಿದ್ದು ನಾನು," ಎಂದಳು, ಸುತ್ತ ನಿಂತವರಿಗೆಲ್ಲ ಕೇಳುವಂತೆ. "ನೀನಲ್ಲ. ನಿನ್ನ ತಲೆ ನೆಟ್ಟಗಿದೆ. ಅವತ್ತೇ ನನಗೆ ಗೊತ್ತಿತ್ತು. ತಪ್ಪಾಯ್ತು."

ನಾದಿನಿ ಮಗಳತ್ತ ಕೈ ಚಾಚಿದಳು. ಮಗುವನ್ನು ಇಸಿದುಕೊಂಡು ಎದೆಗವಚಿಕೊಂಡಳು.

"ಡಾಕ್ಟರ್ ಹತ್ರ ನನ್ನ ಕೈ ಹಿಡ್ಕೊಂಡು ಕೂತಿದ್ರಲ್ಲ ಅತ್ತಿಗೆ, ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ನಾದಿನಿ ಒಳಗೆ ಹೋದಳು. ಇಬ್ಬರೂ ಯಾವಾಗಲೂ ಜೊತೆಗೆ ಕೂರುವ ಬೆಂಚಿನಲ್ಲಿ, ಅತ್ತಿಗೆಯ ಜಾಗಕ್ಕೆ ಮಗಳನ್ನು ಕರೆದು ಕೂರಿಸಿಕೊಂಡಳು.