ಅನಿವಾರ್ಯ ವೈಯಕ್ತಿಕ ಕಾರಣಗಳಿಂದ

ಉದ್ದುದ್ದ ಬರೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಮೈ ಉರಿ. ಮಾತಾಡಿದರೂ ಅಷ್ಟೇ, ಎರಡು ನಿಮಿಷದಲ್ಲಿ ವಿಷಯಕ್ಕೆ ಬರದಿದ್ದರೆ ಮೇಜಿನ ಕೆಳಗೆ ನನ್ನ ಕಾಲು ಕುಣಿಯೋಕೆ ಶುರುವಾಗುತ್ತದೆ. ಇಂಥವನಿಗೆ ಇಂಜಿನಿಯರಿಂಗ್ ಮಕ್ಕಳಿಗೆ ಬರೆಯೋದು, ಮಾತಾಡೋದು ಕಲಿಸುವ ಕೆಲಸ ಸಿಕ್ಕಿತ್ತು. ಸರಿಯಾದ ಜಾಗಕ್ಕೇ ಬಂದಿದ್ದೀನಿ ಅಂತ ಆಗ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆ. ತುಮಕೂರಿನ ಒಂದು ಕಾಲೇಜು. ನಾನು ದಿನಾ ಗುಬ್ಬಿಯಿಂದ ಓಡಾಡುತ್ತಿದ್ದೆ, ನಿಟ್ಟೂರಲ್ಲೇ ತುಂಬಿಕೊಂಡು ಬರುವ ಬಸ್ಸಿನಲ್ಲಿ ನಿಂತುಕೊಂಡೇ. ಇಡೀ ಕಾಲೇಜಿಗೆ ಇಂಗ್ಲಿಷ್ ಎಂ.ಎ. ಮಾಡಿದವನು ನಾನೊಬ್ಬನೇ. ಉಳಿದ ಮೇಷ್ಟ್ರುಗಳು ನನ್ನ ಕ್ಲಾಸನ್ನು ರೆಸ್ಟ್ ಪೀರಿಯಡ್ ಅಂತ ಛೇಡಿಸುತ್ತಿದ್ದರು. ಕೆಲಸವೂ ಕಾಯಂ ಅಲ್ಲ, ವರ್ಷಕ್ಕೊಂದು ಸಲ ಪ್ರಿನ್ಸಿಪಾಲರು ಮನಸ್ಸು ಮಾಡಿ ಹೊಸ ಆರ್ಡರ್ ಕೊಡಬೇಕು. ಅದಕ್ಕೇ ಇರಬೇಕು, ಕ್ಲಾಸಿನಲ್ಲಿ ಸಿಕ್ಕಾಪಟ್ಟೆ ಬಿಗಿಯಾಗಿರುತ್ತಿದ್ದೆ.

ನನ್ನ ಮಕ್ಕಳಲ್ಲಿ ಮುಕ್ಕಾಲು ಪಾಲು ಕನ್ನಡ ಮೀಡಿಯಂನಲ್ಲಿ ಓದಿ ಬಂದವರು. ಒಂದು ದಿನದ ರಜೆಗೆ ಅರ್ಜಿ ಬರೆ ಅಂದರೆ ಅಜ್ಜಿ, ಅಜ್ಜಿಯ ತಂಗಿ, ಆಕೆಯ ಮಂಡಿನೋವು ಎಲ್ಲ ಬರೆದು, ಕೊನೆಗೆ ರಜೆ ಯಾವತ್ತು ಬೇಕು ಅನ್ನೋದನ್ನೇ ಬಿಟ್ಟಿರುತ್ತಿದ್ದರು. ನಾನು ಕೆಂಪು ಪೆನ್ನು ಹಿಡಿದು ಗೀರುತ್ತಿದ್ದೆ. "ಮನೆ ಪುರಾಣ ಬ್ಯಾಡ ಕಣ್ರಯ್ಯಾ. ವಿಷಯ, ಮೂರು ಸಾಲು, ಸಹಿ, ಮುಗೀತು. ಕಾರಣ ಹೇಳಲೇಬೇಕಾ? 'ಅನಿವಾರ್ಯ ವೈಯಕ್ತಿಕ ಕಾರಣಗಳಿಂದ' ಅಂತ ಬರೀರಿ. ಗಂಭೀರವಾಗಿರ್ತದೆ." ಇಂಗ್ಲಿಷಿನಲ್ಲಿ ಆ ಸಾಲನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಕೈಲೂ ಹತ್ತು ಸಲ ಬರೆಸಿದ್ದೆ. ವರ್ಷ ಕಳೆಯುವಷ್ಟರಲ್ಲಿ ಕಾಲೇಜಿನ ಅರ್ಜಿಗಳೆಲ್ಲ ಅದೇ ಸಾಲಿನಿಂದ ಶುರುವಾಗುತ್ತಿದ್ದವು. ನನಗೆ ಒಳಗೊಳಗೇ ಹೆಮ್ಮೆ.

ಆ ಹುಡುಗಿ ಕುಣಿಗಲ್‌ನಿಂದ ಬರುತ್ತಿದ್ದಳು. ಅವಳ ಅಬ್ಬಾ, ಅಂದರೆ ಅಪ್ಪ, ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ನನ್ನ ಕ್ಲಾಸಿನಲ್ಲಿ ಹೆದರಿ ಹೆದರಿ ಇಂಗ್ಲಿಷು. ಮೂರನೇ ಸೆಮಿಸ್ಟರಿನಲ್ಲಿ ಅವಳು ಬಹಳ ದಿನ ಕಾಣಲಿಲ್ಲ. ಬಂದಾಗ ಹಾಜರಾತಿ ಶಾರ್ಟೇಜ್ ಆಗಿ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಮಾಫ್ ಮಾಡಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಬೇಕು, ಕಮಿಟಿಯವರು ಕಾರಣ ನೋಡಿ ತೀರ್ಮಾನ ಮಾಡುತ್ತಾರೆ. ಅವಳು ಬರೆದುಕೊಂಡು ಸ್ಟಾಫ್ ರೂಮಿಗೆ ಬಂದಳು.

"ಸರ್, ಒಂದ್ಸಲ ತಿದ್ದಿಕೊಡಿ. ವರ್ಷ ಹೋದ್ರೆ ಮತ್ತೆ ಬರೋಕಾಗಲ್ಲ. ಈಗ್ಲೇ ಮನೇಲಿ ಬ್ಯಾಡ ಅಂತಿದಾರೆ."

ಎರಡು ಪುಟ ಇತ್ತು. ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಆ ಎರಡು ಪುಟ ನನಗೆ ಇವತ್ತಿಗೂ ಬಾಯಿಪಾಠ. ಅವಳು ಬರೆದದ್ದು ಹೀಗೆ: ನಮ್ಮ ಅಮ್ಮಿಗೆ ಲಕ್ವ ಹೊಡೆದು ಮಾತು ಕೆಟ್ಟಿದೆ. ಮಾತೆಲ್ಲ ಇದೆ, ಯಾವುದೂ ತನ್ನ ಜಾಗದಲ್ಲಿಲ್ಲ. ನೀರು ಬೇಕಾದರೆ ತೀರಿಹೋದ ತನ್ನ ಅಕ್ಕನ ಹೆಸರು ಕರೆಯುತ್ತಾಳೆ. ನೋವಾದರೆ ಬಾಗಿಲು ಅನ್ನುತ್ತಾಳೆ. ಅಬ್ಬಾ ಎದ್ದು ಹೋಗಿ ಬಾಗಿಲು ತೆಗೆಯುತ್ತಾರೆ, ಆಗ ಅಮ್ಮಿ ಅಳುತ್ತಾಳೆ. ಮನೆಯಲ್ಲಿ ಅವಳ ಮಾತು ಅರ್ಥವಾಗೋದು ನನಗೊಬ್ಬಳಿಗೇ. ನಾನು ಕಾಲೇಜಿಗೆ ಬಂದರೆ ಸಾಯಂಕಾಲದವರೆಗೆ ಅವಳಿಗೆ ಯಾರೂ ಇಲ್ಲ. ಈಗ ಅತ್ತಿಗೆಗೆ ಅಮ್ಮಿಯ ಒಂದೊಂದೇ ಮಾತಿನ ಅರ್ಥ ಕಲಿಸಿದ್ದೇನೆ, ಆದ್ದರಿಂದ ಬಂದಿದ್ದೇನೆ.

ಕೊನೆಯ ಸಾಲಿನವರೆಗೂ ಓದಿದೆ. ಆದರೆ ಪೆನ್ನು ಕೈಯಲ್ಲಿತ್ತು, ಚಟ. ಮೊದಲ ಪುಟಕ್ಕೆ ಅಡ್ಡಗೀಟು ಹಾಕಿದೆ. ಎರಡನೆಯದಕ್ಕೂ ಹಾಕಿದೆ. "ಇದನ್ನೆಲ್ಲ ಆಫೀಸಿಗೆ ಬರೀತಾರೇನಮ್ಮಾ? ನಿಮ್ಮ ತಾಯಿ ಕಷ್ಟಾನ ನಾಲ್ಕು ಜನ ಕೂತು ಓದೋದು ಚೆನ್ನಾಗಿರ್ತದಾ? ಕ್ಲಾಸಲ್ಲಿ ಏನು ಹೇಳ್ಕೊಟ್ಟಿದ್ದೆ?" ಅಂದೆ. ಅವಳು ಗೀಟು ಬಿದ್ದ ಹಾಳೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಅಲ್ಲೇ ನನ್ನ ಮೇಜಿನ ತುದಿಯಲ್ಲಿ ನಿಂತು ಮೂರು ಸಾಲಿನ ಅರ್ಜಿ ಬರೆದಳು. ಒಂದೂ ತಪ್ಪಿರಲಿಲ್ಲ. ಶಭಾಷ್ ಅಂದೆ.

ಕಮಿಟಿಯಲ್ಲಿ ನಾನೂ ಇದ್ದೆ. ಇಂಗ್ಲಿಷ್ ಅರ್ಜಿ ಗಟ್ಟಿಯಾಗಿ ಓದಿ ಹೇಳೋಕೆ ಒಬ್ಬ ಬೇಕಲ್ಲ, ಅದಕ್ಕೆ. ಪ್ರಿನ್ಸಿಪಾಲರು, ಮೂರು ಜನ ವಿಭಾಗದ ಮುಖ್ಯಸ್ಥರು, ಟೀ, ಬಿಸ್ಕತ್ತು. "ಕಾರಣ ಮನಸ್ಸಿಗೆ ಬಂದ್ರೆ ಬಿಟ್ಟುಬಿಡೋಣ, ಮಕ್ಕಳು ಪಾಪ," ಅಂತಲೇ ಪ್ರಿನ್ಸಿಪಾಲರು ಶುರು ಮಾಡಿದ್ದು. ಒಬ್ಬ ಕಾಮಾಲೆ ಅಂತ ಡಾಕ್ಟರ ಸರ್ಟಿಫಿಕೇಟ್ ಇಟ್ಟಿದ್ದ. ಅವನು ಆ ದಿನಗಳಲ್ಲೆಲ್ಲ ಕ್ರಿಕೆಟ್ ಆಡುತ್ತಿದ್ದದ್ದು ನನಗೇ ಗೊತ್ತಿತ್ತು. ಅವನದು ಮಂಜೂರಾಯಿತು.

ಅವಳ ಅರ್ಜಿ ಓದಿದೆ. ಓದಿ ಮುಗಿಸುವ ಮೊದಲೇ ಒಬ್ಬರು ನಕ್ಕರು. "ಮತ್ತೆ ಅದೇ ಅನಿವಾರ್ಯ ವೈಯಕ್ತಿಕ ಕಾರಣ. ಇವರಿಗೆಲ್ಲ ಯಾವನೋ ಒಬ್ನೇ ಬರ್ಕೊಡ್ತಾನೆ ಕಣ್ರೀ." ಪ್ರಿನ್ಸಿಪಾಲರೂ ನಕ್ಕರು. "ಏನು ಕಾರಣ ಅಂತ ಹೇಳೋಕೂ ಆಗದಿದ್ರೆ ನಾವೇನು ಮಾಡೋಣ? ಯಾರಿಗಾದ್ರೂ ಈ ಹುಡುಗಿ ವಿಷಯ ಗೊತ್ತೇನ್ರೀ?"

ಅಂತ ಕೇಳಿ, ಒಬ್ಬೊಬ್ಬರ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು. ಆ ಹುಡುಗಿ ಬರೆದಿದ್ದಳು ಸರ್, ನಾನೇ ಹೊಡೆದು ಹಾಕಿಸಿದೆ ಅಂತ ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲರಿಗೂ ಬರೆದುಕೊಡುವ ಆ ಒಬ್ಬ ನಾನೇ ಅಂತ ಗೊತ್ತಾದರೆ ನಗುತ್ತಾರಲ್ಲ ಅನ್ನಿಸಿತು. ಆ ತಿಂಗಳೇ ನನ್ನ ಆರ್ಡರ್ ಬರಬೇಕಿತ್ತು. ಆಮೇಲೆ ಪ್ರಿನ್ಸಿಪಾಲರೊಬ್ಬರೇ ಸಿಕ್ಕಾಗ ಹೇಳಿದರಾಯ್ತು ಅಂದುಕೊಂಡೆ. ಥೂ, ಎಂಥಾ ಮನುಷ್ಯ ನಾನು. ನೂರಾರು ಮಕ್ಕಳಿಗೆ, ಎದ್ದು ನಿಂತು ಧೈರ್ಯವಾಗಿ ಮಾತಾಡಿ ಅಂತ ಗಂಟಲು ಹರಕೊಂಡವನು ಟೀ ಲೋಟ ನೋಡುತ್ತಾ ಕೂತೆ. ಪ್ರಿನ್ಸಿಪಾಲರು ಮುಂದಿನ ಅರ್ಜಿ ಎತ್ತಿಕೊಟ್ಟರು.

ಸಾಯಂಕಾಲವೇ ಡಿಟೇನ್ ಆದವರ, ಅಂದರೆ ಪರೀಕ್ಷೆಗೆ ಕೂರುವಂತಿಲ್ಲದವರ, ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು, ಅವಳ ಹೆಸರೂ ಇತ್ತು. ಮಾರನೇ ದಿನ ಅವಳು ಬಂದು ನಾನು ಓದೋಕೆ ಕೊಟ್ಟಿದ್ದ ಪುಸ್ತಕ ಮೇಜಿನ ಮೇಲಿಟ್ಟು, "ಥ್ಯಾಂಕ್ಸ್ ಸರ್, ಬರ್ತೀನಿ," ಅಂದಳು. ಮುಂದಿನ ವರ್ಷ ಬಾಮ್ಮಾ ಅಂದೆ. ಹೂಂ ಅಂದಳು. ಬರಲಿಲ್ಲ. ನನ್ನ ಆರ್ಡರ್ ಬಂತು.

ಏಳೆಂಟು ವರ್ಷ ಕಳೆದಿರಬೇಕು. ಮಾರ್ಕೋನಹಳ್ಳಿ ಹತ್ತಿರ ನನ್ನ ಸೋದರತ್ತೆ ಇದ್ದಳು. ರೇಷನ್ ಕಾರ್ಡಿನಲ್ಲಿ ಅವಳ ಹೆಸರೇ ಬಿಟ್ಟುಹೋಗಿತ್ತು. ನಾನು ಬರೆದುಕೊಟ್ಟ ಅರ್ಜಿ ತಾಲ್ಲೂಕು ಕಚೇರಿಯಿಂದ ವಾಪಸ್ ಬಂದಿತ್ತು. ಇನ್ನೊಂದು ಬರೆದುಕೊಡ್ತೀನಿ ಅಂತ ಅವಳನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದರೆ, ಕಚೇರಿ ಎದುರು ಬಂದದ್ದೇ ಅತ್ತೆ ಕೈ ಕೊಡವಿದಳು.

"ನೀನು ಸುಮ್ಕಿರು ಮಗ. ಅಲ್ಲಿ ಜೆರಾಕ್ಸ್ ಅಂಗ್ಡೀಲಿ ಒಂದು ಹುಡ್ಗಿ ಅವ್ಳೆ. ಅವ್ಳು ಬರ್ದಿದ್ದು ವಾಪಸ್ ಬರಾಕಿಲ್ವಂತೆ. ನೀನು ಬರ್ದಿದ್ರಲ್ಲಿ ಏನೈತೆ, ಮೂರು ಗೆರೆ."

ಅಂಗಡಿ ಮುಂದಿನ ಬೆಂಚಿನಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಒಳಗೆ ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಒಬ್ಬಳು ಬರೆಯುತ್ತಿದ್ದಳು. ಅತ್ತೆ ಕೂತು ಶುರುಮಾಡಿದಳು. ಗಂಡ ಸತ್ತದ್ದು, ಮೈದುನ ಬೇರೆ ಹೋದದ್ದು, ಕಾರ್ಡು ಇಬ್ಭಾಗ ಆಗಿದ್ದು. ನನ್ನ ಕಾಲು ಕುಣಿಯೋಕೆ ಶುರುವಾಯಿತು. ಆಕೆ ತಲೆ ಎತ್ತದೆ, "ಆಮೇಲೇನಾಯ್ತವ್ವಾ? ನಿಧಾನಕ್ಕೆ ಹೇಳಿ, ಎಲ್ಲಾ ಹೇಳಿ," ಅನ್ನುತ್ತಿದ್ದಳು. ದನಿ ಕೇಳಿ ನನಗೆ ಗುರುತು ಹತ್ತಿತು.

ಅವಳೂ ನೋಡಿದಳು. ತಟ್ಟನೆ ಎದ್ದು ನಿಂತು ಕುರ್ಚಿ ಕೊಟ್ಟಳು. ಕೋಪ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮ್ಮಿ ಇನ್ನೆರಡು ವರ್ಷ ಇದ್ದಳಂತೆ. ಕೊನೆಕೊನೆಗೆ ಇವಳೊಬ್ಬಳ ಹತ್ತಿರವೇ ಮಾತು.

"ಸರ್, ಉದ್ದ ಆಗಿದೆ. ನೀವಾಗಿದ್ರೆ ಎಷ್ಟು ಹೊಡೆದು ಹಾಕ್ತಿದ್ರಿ?" ಅಂತ ನಗುತ್ತಾ ಹಾಳೆ ಕೊಟ್ಟಳು. ಕನ್ನಡದಲ್ಲಿ ಒತ್ತೊತ್ತಾಗಿ ಎರಡು ಪುಟ. ಓದಿದೆ. ಅತ್ತೆಯ ಮನೆಯಲ್ಲಿ ಏನೇನಾಗಿತ್ತು ಅಂತ ನನಗೇ ಅವತ್ತು ಗೊತ್ತಾಯಿತು. ಹೊಡೆದು ಹಾಕೋಕೆ ಒಂದು ಪದವೂ ಸಿಗಲಿಲ್ಲ.

ಹಾಳೆ ವಾಪಸ್ ತೆಗೆದುಕೊಳ್ಳುತ್ತಾ ಅವಳಂದಳು, "ನಮ್ಮ ಅಬ್ಬಾ ಎಷ್ಟೋ ದಿನ ಕಾಲೇಜಿನವ್ರನ್ನ ಬೈತಿದ್ರು ಸರ್. ನಾನು ಹೇಳ್ತಿದ್ದೆ, ಆ ಮೀಟಿಂಗಲ್ಲಿ ನಮ್ಮ ಇಂಗ್ಲಿಷ್ ಸರ್ ಇದ್ರು, ಅವರಿಗೆ ಎಲ್ಲಾ ಗೊತ್ತಿತ್ತು, ಅವರೊಬ್ರಾದ್ರೂ ನನ್ನ ಪರ ಹೇಳೇ ಹೇಳಿರ್ತಾರೆ ಅಂತ."

ಹೇಳಬೇಕು, ಈಗಲಾದರೂ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಹೇಳಿರ್ತಾನೆ ಬುಡವ್ವಾ. ನಮ್ ಹುಡ್ಗ ಬಾಯಿ ಇರೋನು," ಅಂದಳು.

ಅವಳು ನನ್ನ ಮುಖ ನೋಡಿದಳು. ನಾನು ಹೌದು ಅಂತ ತಲೆ ಆಡಿಸಿದೆ.