ಯಾರ ಕೈಯ ಬೆಳೆ?

ನೂಲ ನನ್ನ ಗಂಡನ ಊರು. ಪ್ರತಿ ಶನಿವಾರ ನಾವಿಬ್ಬರೂ ಕೊಲ್ಹಾಪುರದಿಂದ ಎಸ್.ಟಿ. ಹಿಡಿದು ಗಡಹಿಂಗ್ಲಜದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅತ್ತೆಯ ಮನೆಗೆ ಹೋಗುತ್ತೇವೆ. ಆದರೆ ಸುಗ್ಗಿಯ ಭಾನುವಾರ ಬಂತೆಂದರೆ ನಾನು ಕಾಲೇಜಿನ ಪರೀಕ್ಷೆಯ ನೆವ ಹೇಳಿ ಕೊಲ್ಹಾಪುರದಲ್ಲೇ ಉಳಿಯುತ್ತಿದ್ದೆ.

ಅದಕ್ಕೆ ಕಾರಣವಿತ್ತು. ಊರಿನ ನಮ್ಮ ಚರ್ಚಿನಲ್ಲಿ ಆ ದಿನ ಪೀಠದ ಮುಂದೆ ಬಿಳಿ ಬಟ್ಟೆ ಹಾಸುತ್ತಾರೆ. ಪ್ರತಿ ಮನೆಯವರೂ ತಮ್ಮ ಮೊದಲ ಬೆಳೆಯನ್ನು ತಂದು ಅದರ ಮೇಲೆ ಇಡುತ್ತಾರೆ. ಪಕ್ಕದಲ್ಲಿ ನಿಂತ, ಎಲ್ಲರೂ ಕಾಕಿ ಎಂದು ಕರೆಯುವ ಸಭೆಯ ಹಿರಿಯಜ್ಜಿ ಒಂದೊಂದಕ್ಕೂ "ಯಾರ ಕೈ?" ಎಂದು ಕೇಳುತ್ತಾಳೆ. "ಮಗನ ಕೈ", "ಸೊಸಿ ಕೈ" ಎಂದು ಉತ್ತರ ಕೊಡಬೇಕು. ಆ ವರ್ಷ ಹುಟ್ಟಿದ ಮಕ್ಕಳನ್ನೂ ಮೊರದಲ್ಲಿ ಮಲಗಿಸಿ ಕಾಳುಗಳ ನಡುವೆ ಇಟ್ಟು ಪ್ರಾರ್ಥಿಸುತ್ತಾರೆ. ಮದುವೆಯಾಗಿ ಆರು ವರ್ಷವಾದರೂ ನಾನು ಇಡಬಹುದಾದದ್ದು ಏನೂ ಇರಲಿಲ್ಲ. ಕಾಕಿ ಸಿಕ್ಕಾಗಲೆಲ್ಲ ಒಂದೇ ಮಾತು: "ಫಲ ಕೊಡ್ರಿ, ಹೆಚ್ಚಾಗ್ರಿ ಅಂತ ದೇವರ ಹುಕುಂ ಐತಿ ಬೇ. ಮೊದಲನೇ ಹುಕುಂ!"

ನನ್ನ ತವರು ಬೆಳಗಾವಿ ಕಡೆಯದು, ಓದಿದ್ದು ಕನ್ನಡ ಶಾಲೆಯಲ್ಲಿ. ಅತ್ತೆಯ ಬಳಿ ಅವರ ತಾಯಿಯ ಕನ್ನಡ ಬೈಬಲ್ ಇತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ಕಳೆದ ವರ್ಷ ಒಂದು ಸಂಜೆ, ಡೇರಿಗೆ ಹಾಲು ಹಾಕಿ ಬಂದವರು ಅದನ್ನು ನನ್ನ ಮುಂದೆ ಇಟ್ಟು, "ಓದಾಕ ಕಲಸು. ಸಾಯೂದರೊಳಗ ಒಂದ ಪುಟಾನಾರ ಓದ್ತೇನಿ" ಎಂದರು. ಅಂದಿನಿಂದ ಶನಿವಾರದ ಸಂಜೆಗಳು ಅವರವು. ಮಳೆಗಾಲದ ಹೊತ್ತಿಗೆ ಅಕ್ಷರ ಮುಗಿಸಿ ಬೈಬಲ್ಲಿನ ಮೊದಲ ಪುಟಕ್ಕೆ ಬಂದರು. ಸಾಲಿನ ಕೆಳಗೆ ಬೆರಳಿಟ್ಟು, ಒಂದು ಶಬ್ದಕ್ಕೆ ಒಂದು ಉಸಿರು ಎಂಬಂತೆ ಓದುತ್ತಿದ್ದರು. ಒಂದು ದಿನ ಬೆರಳು ನಿಂತಿತು.

"ಏ ಹುಡುಗಿ, ಹೆಚ್ಚಾಗ್ರಿ ಅಂತ ಮೀನಿಗೂ ಹೇಳ್ಯಾನಲ್ಲ! ನಮಗಿಂತ ಮೊದಲ ಮೀನಿಗೆ!"

"ಹೌದ್ರಿ ಅತ್ತಿ."

"ಕಾಕಿಗೆ ಗೊತ್ತೈತೇನ ಇದು?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು.

ಮುಂದಿನ ವಾರ ಮನುಷ್ಯರ ಸರದಿ ಬಂತು. ಮೀನಿನ ಸಾಲಿನಲ್ಲಿ ಹೇಗೋ ದಾಟಿದ್ದ ಶಬ್ದವೊಂದರ ಒತ್ತಕ್ಷರ ಇಲ್ಲಿ ಅವರನ್ನು ತಡೆಯಿತು. ಮೂರು ಸಲ ಒಡೆದು ಓದಿದರು. "ಆ-ಶೀ-ರ್ವ-ದಿ-ಸಿ." ಆಮೇಲೆ ನನ್ನ ಮುಖ ನೋಡಿದರು. "ಆಶೀರ್ವಾದ ಮಾಡಿ ಹೇಳ್ಯಾನ. ಹಂಗಾದ್ರ ಹುಕುಂ ಎಲ್ಲೈತಿ?"

ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೆನೋ. ಪ್ರತಿ ಸಲವೂ ಆ ಶಬ್ದವನ್ನು ದಾಟಿ, ನನಗೆ ನೋವಾಗುವ ಜಾಗಕ್ಕೆ ನೇರವಾಗಿ ಹೋಗಿ ನಿಲ್ಲುತ್ತಿದ್ದೆ. ಚಹಾ ಮಾಡಲು ಎದ್ದೆ.

ಈ ವರ್ಷದ ಸುಗ್ಗಿಗೆ ಅತ್ತೆ ನನ್ನ ನೆವ ಕೇಳಲಿಲ್ಲ. "ಬರಬೇಕು" ಎಂದರು, ಅಷ್ಟೆ. ಇಚಲಕರಂಜಿಯ ಶಹಾಪುರಕ್ಕೆ ಕೊಟ್ಟ ನಾದಿನಿ ಬಾಣಂತನಕ್ಕೆಂದು ತವರಿನಲ್ಲೇ ಇದ್ದಳು. ಪೀಠದ ಮುಂದಿನ ಬಟ್ಟೆ ಅವಳ ಗಂಡನ ಮಗ್ಗದ್ದು. ಮೊರದಲ್ಲಿ ಕೈಕಾಲು ಬಡಿಯುತ್ತಿದ್ದ ಮಗು ಅವಳದು. ನಾನು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ.

ಅತ್ತೆ ಜೋಳದ ತೆನೆ ಇಟ್ಟರು. "ಯಾರ ಕೈ?" "ಮಗಂದು, ನಂದು." ಕಾಕಿ ಮಗುವಿನ ಕೆನ್ನೆ ಮುಟ್ಟಿದಳು. "ಮಗಳು ಬಂಗಾರದಂಥಾದ್ದು ತಂದಾಳ. ಸೊಸಿ ಏನ ತಂದಾಳವಾ?"

ಅತ್ತೆ ಚೀಲದಿಂದ ಬೈಬಲ್ ತೆಗೆದು, ಕನ್ನಡಕ ಏರಿಸಿ, ಮೊದಲು ಮೀನಿನ ಸಾಲು, ಆಮೇಲೆ ಮನುಷ್ಯರ ಸಾಲು ಎಂದು ಬೆರಳಿಟ್ಟು ಓದತೊಡಗಿದರು. ಎರಡು ಕಡೆ ತಡವರಿಸಿದರು. ಆಶೀರ್ವಾದದ ಶಬ್ದವನ್ನು ಮಾತ್ರ ಒಂದೇ ಉಸಿರಿನಲ್ಲಿ ಹೇಳಿದರು. ಮುಗಿಸಿ ಪುಸ್ತಕವನ್ನು ತೆನೆಯ ಪಕ್ಕದಲ್ಲಿ ಇಟ್ಟರು.

"ಈ ಓದು ನನ್ನ ಸೊಸಿ ಕೈದು," ಎಂದವರು ಹಿಂತಿರುಗಿ ನನ್ನನ್ನು ನೋಡಿದರು. "ಬಾ ಇಲ್ಲೆ. ಕೈ ಯಾರದಂತ ಎಲ್ಲಾರೂ ನೋಡ್ಲಿ."

ಹತ್ತು ಬೆಂಚು ದಾಟಿ ಹೋಗಿ ಅವರ ಪಕ್ಕದಲ್ಲಿ ನಿಂತೆ. ಮೊರದಲ್ಲಿದ್ದ ಮಗುವನ್ನು ನೋಡಿದೆ. ಅಂಥದೊಂದು ಬೇಕೆಂಬ ಆಸೆ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ಆ ಬಿಳಿ ಬಟ್ಟೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಆರಾಧನೆ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಕಾಕಿ ನನ್ನ ಪಕ್ಕಕ್ಕೇ ಬಂದು ಕುಳಿತು, ಎಲೆಯತ್ತ ನೋಡುತ್ತಾ ಕೇಳಿದಳು: "ಆ ಮೀನಿನ ಸಂಗತಿ ಖರೇನ ಬರದೈತೇನ?"

"ಹೌದ್ರಿ ಕಾಕಿ."

"ನಾ ಬರೇ ಕೇಳಿದಾಕಿ ಬೇ, ಓದಿದಾಕಿ ಅಲ್ಲ. ಶನಿವಾರ ನಾನೂ ಬರ್ತೇನಿ. ಅಕ್ಷರ ಮಾತ್ರ ದೊಡ್ಡವು ಬರಿ."

ಎದುರು ಪಂಕ್ತಿಯಲ್ಲಿ ಕುಳಿತಿದ್ದ ಅತ್ತೆ ತುತ್ತು ಕೈಯಲ್ಲೇ ಹಿಡಿದು ಹೇಳಿದರು: "ಬಾ, ಆದ್ರ ನನ್ನ ಹಿಂದಿನ ಸಾಲಿನ್ಯಾಗ ಕುಂಡರಬೇಕ ನೋಡ."