ಗೋಣಿದಾರದ ಎರಡು ಗಂಟು

ಮೊನ್ನೆ ಕಾರಿನ ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ತಡಕಾಡುತ್ತಿದ್ದೆ. ಎಡಗಡೆ ಇಂಡಿಕೇಟರ್ ಹಾಕಿದರೆ ವೈಪರ್ ನಿಧಾನವಾಗುತ್ತದೆ, ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಈಗಿನ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ "ಗುಜರಿಗೆ ಹಾಕಿ ಸರ್" ಅನ್ನುತ್ತಾರೆ. ಎಪ್ಪತ್ತು ದಾಟಿದ ನನ್ನನ್ನು ನೋಡಿದಾಗಲೂ ಮನಸ್ಸಿನಲ್ಲಿ ಅದನ್ನೇ ಅಂದುಕೊಳ್ಳುತ್ತಾರೋ ಏನೋ. ಆ ಸಿಟ್ಟಿಗೇ ನಾನೇ ಕೈಹಾಕಿದ್ದು. ಅರ್ಧ ಗಂಟೆ ಒದ್ದಾಡಿ, ಸೊಂಟ ಹಿಡಿದುಕೊಂಡು, ಕಾರನ್ನೂ ಅದನ್ನು ನನಗೆ ಮಾರಿದವರನ್ನೂ ಮನಸ್ಸಿನಲ್ಲೇ ಬೈಯುತ್ತಿರುವಾಗ ಬೆರಳಿಗೆ ಏನೋ ಒರಟಾಗಿ ತಾಗಿತು. ಗೋಣಿದಾರ. ಕಾಫಿ ಮೂಟೆ ಹೊಲಿಯುವ ದಾರ. ಬೆರಳನ್ನು ಮೂಗಿನ ಹತ್ತಿರ ತಂದರೆ ಹಳೇ ಗೋಣಿಯ ಜೊತೆಗೆ ಜೇನುಮೇಣದ ವಾಸನೆ, ಇದ್ದೂ ಇಲ್ಲದ ಹಾಗೆ... ಬೈಗುಳ ಅಲ್ಲಿಗೇ ನಿಂತಿತು.

ಆ ದಾರ ಕಟ್ಟಿಸಿದವನನ್ನು ಊರಿನಲ್ಲಿ ಎಲ್ಲರೂ ವೈರಿಂಗಿನವನು ಅಂತಲೇ ಕರೆಯುತ್ತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಮೂಡಿಗೆರೆಯಿಂದ ಹ್ಯಾಂಡ್‌ಪೋಸ್ಟಿಗೆ ಹೋಗುವ ರಸ್ತೆ ಬದಿಯಲ್ಲಿ ಅವನದೊಂದು ತಗಡಿನ ಶೆಡ್ಡು ಇತ್ತು. ನಾನಾಗ ಹೈಸ್ಕೂಲ್ ಮೇಷ್ಟ್ರು. ಜಾವಳಿ ಹತ್ತಿರ ಎರಡೆಕರೆ ಕಾಫಿಯೂ ಇತ್ತು. ಎಸ್ಟೇಟಿನ ಸಾಹುಕಾರರೊಬ್ಬರು ಹೊಸ ಕಾರು ತಂದಾಗ ಅವರ ಹಳೇ ಕಾರನ್ನು ಕೊಂಡುಕೊಂಡೆ. ಎಂಜಿನ್ ಏನೋ ಗಟ್ಟಿಯಾಗಿತ್ತು. ಆದರೆ ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ಗೋಡೌನಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿ ಅದು. ಮೂಟೆಗೆ ಬಂದ ಇಲಿಗಳು ಬಾಯಿ ರುಚಿಗೆ ವೈರನ್ನೂ ಕಡಿದಿದ್ದವು.

ಹೀಗಾಗಿ ತಿಂಗಳಿಗೊಮ್ಮೆಯಾದರೂ ವೈರಿಂಗಿನವನ ದರ್ಶನ ತಪ್ಪುತ್ತಿರಲಿಲ್ಲ. ಸಪೂರ ಮನುಷ್ಯ, ಮಾತು ಕಡಿಮೆ. ಅವನ ಹತ್ತಿರ ಮೀಟರು ಗೀಟರು ಏನೂ ಇರಲಿಲ್ಲ. ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿ ಹೊಲಿಯುವ ದಬ್ಬಳ. ಕ್ಲಿಪ್ಪನ್ನು ಕಾರಿನ ತಗಡಿಗೆ ಕಚ್ಚಿಸಿ, ದಬ್ಬಳವನ್ನು ವೈರಿಗೆ ಚುಚ್ಚುತ್ತಾ ಹೋಗುತ್ತಿದ್ದ. "ಎಂತ ಅವಸರ ಸರ್? ಕರೆಂಟು ಎಲ್ಲಿವರೆಗೆ ಬಂದಿದೆ ಅಂತ ಮೊದ್ಲು ನೋಡುವ" ಅನ್ನುತ್ತಿದ್ದ. ಬಲ್ಬು ಹತ್ತಿದಲ್ಲಿಂದ ಹತ್ತದ ಕಡೆಗೆ ಒಂದೊಂದೇ ಗೇಣು ಸರಿದು, ಕೊನೆಗೆ ತುಕ್ಕು ಹಿಡಿದ ಯಾವುದೋ ಬೋಲ್ಟನ್ನು ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದರೆ, ವಾರದಿಂದ ಸತ್ತಿದ್ದ ಲೈಟು ಧಗ್ಗನೆ ಹತ್ತುತ್ತಿತ್ತು. ಆಗಲೂ ಅವನ ಮುಖದಲ್ಲಿ ಅಂಥ ದೊಡ್ಡ ಸಂತೋಷವೇನೂ ಕಾಣುತ್ತಿರಲಿಲ್ಲ.

ನನಗೆ ತಲೆಕೆಡುತ್ತಿದ್ದುದು ಬೇರೆ ವಿಷಯಕ್ಕೆ. ಮೊದಲ ಸಲ ಕಾರು ಒಯ್ದಾಗ ಬೆಳಿಗ್ಗೆ ಒಂಬತ್ತು ಗಂಟೆ. ಅವನು ಬಾನೆಟ್ ಎತ್ತಿ ನೋಡಿ, ಮುಚ್ಚಿ, "ಮಧ್ಯಾಹ್ನದ ಮೇಲೆ ಶುರು ಮಾಡ್ತೇನೆ" ಅಂದ. ಮಧ್ಯಾಹ್ನ ಅವನ ಹೆಂಡತಿ ಬುತ್ತಿ ತಂದಳು. ಇವನು ಊಟಕ್ಕೂ ಕೂರದೆ ಅವಳನ್ನು ಬಾನೆಟ್ ಹತ್ತಿರ ಕರೆದುಕೊಂಡು ಹೋದ. ಇಬ್ಬರೂ ಎಂಜಿನ್ ಮೇಲೆ ಬಗ್ಗಿ ಗುಸುಗುಸು ಮಾತಾಡುತ್ತಾ, ಅವಳು ಸೊಂಟದಿಂದ ದಾರದ ಉಂಡೆ ತೆಗೆದು ವೈರುಗಳಿಗೆ ಏನೇನೋ ಕಟ್ಟುತ್ತಾ... ಮೈಯೆಲ್ಲ ಉರಿಯಿತು ನನಗೆ. ಕೆಲಸಗಳ್ಳ, ಊಟ ಬರುವ ತನಕ ಕಾದು ಈಗ ಹೆಂಡತಿಗೆ ಕಾರು ತೋರಿಸುತ್ತಿದ್ದಾನೆ ಅಂದುಕೊಂಡೆ. ಇದೆಂಥ ದಾರ ಅಂತ ಕೇಳಿದೆ. "ಗುರುತಿಗೆ ಸರ್. ಮೇಣ ತಿಕ್ಕಿದ್ದು, ಬೇಗ ಹಾಳಾಗಲ್ಲ. ಅದನ್ನ ಮಾತ್ರ ತೆಗೀಬೇಡಿ" ಅಂದ. ಆಮೇಲೂ ಎರಡು ಮೂರು ಸಲ ಅದನ್ನೇ ಹೇಳಿದ್ದ.

ಕೆಲಸಗಳ್ಳ ಅಂತ ನಾನು ಅಂದುಕೊಂಡದ್ದಕ್ಕೆ ಊರಿನದೊಂದು ಕತೆಯ ಬೆಂಬಲವೂ ಇತ್ತು. ಹುಡುಗನಾಗಿದ್ದಾಗ ಅವನು ತಾಯಿಯ ಜೊತೆ ಕಾಫಿ ಕೊಯ್ಲಿಗೆ ಹೋಗಿದ್ದನಂತೆ. ಹಣ್ಣು ಮಾತ್ರ ಬಿಡಿಸು ಅಂದರೆ ಬುಟ್ಟಿ ತುಂಬ ಹಸಿರು ಕಾಯಿಯನ್ನೇ ತುಂಬಿದ್ದನಂತೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬುಟ್ಟಿಯನ್ನು ಎಲ್ಲರೆದುರು ಸುರಿದು, ಎರಡೇಟು ಬಿಟ್ಟು, ಅವತ್ತೇ ಓಡಿಸಿದರಂತೆ. ಮೈಗಳ್ಳ, ಸಿಕ್ಕಿದ್ದನ್ನೆಲ್ಲ ಸವರಿ ಹಾಕಿದ ಅಂತ ಜನ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಒಂದು ವರ್ಷ ಆಯುಧಪೂಜೆಗೆ ಕಾರು ತೊಳೆಯಲು ನಿಂತೆ. ಪೂಜೆ ಅಂದಮೇಲೆ ಬಾನೆಟ್ ಒಳಗೂ ಚೊಕ್ಕಟವಾಗಬೇಕು ಅಂತ ನನ್ನ ಹಟ. ಎಣ್ಣೆ ಜಿಡ್ಡು, ಧೂಳು, ಅದರ ನಡುವೆ ಕಪ್ಪಾಗಿ ಜೋತಾಡುವ ಆ ದಾರದ ತುಂಡುಗಳು. ತೆಗೀಬೇಡಿ ಅಂದದ್ದು ನೆನಪಿತ್ತು, ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗುರುತಂತೆ ಗುರುತು, ಕಾರು ನನ್ನದು ತಾನೇ ಅಂತ ಬ್ಲೇಡು ತಂದು ಕಣ್ಣಿಗೆ ಬಿದ್ದದ್ದನ್ನೆಲ್ಲ ಕತ್ತರಿಸಿ ಎಸೆದೆ. ಬಟ್ಟೆ ಹಾಕಿ ತಿಕ್ಕುವ ಭರದಲ್ಲಿ ಫ್ಯೂಸ್ ಬಾಕ್ಸಿನ ಹತ್ತಿರ ನಾಲ್ಕಾರು ವೈರು ಕಿತ್ತು ಬಂದವು. ಅವನ್ನು ಸುಮ್ಮನೆ ಒಳಗೆ ತುರುಕಿದೆ. ಕಾರಿಗೆ ಹೂವು ಏರಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಸ್ಟಾರ್ಟ್ ಮಾಡಿದರೆ ಕಾರು ಕುಂಯ್ ಅಂತಲೂ ಅನ್ನಲಿಲ್ಲ.

ಅದಾದ ಎರಡನೇ ದಿನ ಅಮ್ಮನನ್ನು ಚಿಕ್ಕಮಗಳೂರಿನ ಆಸ್ಪತ್ರೆಯಿಂದ ಮನೆಗೆ ತರುವುದಿತ್ತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ ಕಾಲು, ಬಸ್ಸಿನಲ್ಲಿ ಆಗದ ಮಾತು. ಕಾರನ್ನು ಜೀಪೊಂದಕ್ಕೆ ಕಟ್ಟಿ ಬೆಳಿಗ್ಗೆಯೇ ಅವನ ಶೆಡ್ಡಿಗೆ ಎಳೆಸಿದೆ. ಅವನು ಬಾನೆಟ್ ಎತ್ತಿದವನು ಹಾಗೇ ನಿಂತುಬಿಟ್ಟ.

"ದಾರ ಎಲ್ಲಿ ಹೋಯ್ತು ಸರ್?"

ಶೆಡ್ಡಿನಲ್ಲಿ ನಾಲ್ಕೈದು ಜನ ಜೀಪ್ ಡ್ರೈವರುಗಳಿದ್ದರು. ಅವರಲ್ಲಿ ಇಬ್ಬರು ನನ್ನ ಶಿಷ್ಯರು. ಮೂರು ಸಲ ಹೇಳಿದ್ದ ಮಾತನ್ನು ಕೇಳದೆ ಕೆಡಿಸಿಕೊಂಡೆ ಅಂತ ಅವರೆದುರು ಒಪ್ಪಿಕೊಳ್ಳಬೇಕಿತ್ತು. ನಾನು ಒಪ್ಪಲಿಲ್ಲ.

"ನನಗೇನು ಗೊತ್ತು ಮಾರಾಯ? ಕೊಳೆತು ಉದುರಿರ್ಬೇಕು. ನೀನು ಕೆಲಸ ನೋಡು."

"ನನ್ನ ಹೆಂಡ್ತಿ ಕಳಸಕ್ಕೆ ತವರಿಗೆ ಹೋಗಿದ್ದಾಳೆ. ನಾಡಿದ್ದು ಬರ್ತಾಳೆ. ನಾಡಿದ್ದು ಮಾಡಿ ಕೊಡ್ತೇನೆ ಸರ್."

"ಕಾರು ರಿಪೇರಿಗೂ ಹೆಂಡತಿ ಬರ್ಬೇಕಾ ನಿನಗೆ?"

ಡ್ರೈವರುಗಳು ಗೊಳ್ಳೆಂದು ನಕ್ಕರು. ಹಾಗಾದ್ರೆ ಒಂದೊಂದೇ ವೈರು ಹಿಡಿದು ನೋಡ್ಬೇಕು, ಸಂಜೆ ಆಗ್ತದೆ ಅಂತ ಅವನು ಅಂದ. ಹನ್ನೆರಡರೊಳಗೆ ಆಗಲೇಬೇಕು ಅಂತ ನಾನು ಅವನ ತಲೆಯ ಮೇಲೇ ನಿಂತೆ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ತೋರಿಸಿದೆ. ಅವನು ಒಂದು ವೈರನ್ನು ಹಿಡಿದು ಬೆಳಕಿಗೆ ತಿರುಗಿಸಿ, ಬಿಟ್ಟು, ಇನ್ನೊಂದನ್ನು ಹಿಡಿದು ನೋಡುತ್ತಿದ್ದ. ಹಣೆಯಲ್ಲಿ ಬೆವರು. ಕೊನೆಗೆ ಜೋಡಿಸಿ, ಬ್ಯಾಟರಿಯ ಟರ್ಮಿನಲ್ ಸಿಕ್ಕಿಸಿದ್ದೇ ತಡ, ಫ್ಯೂಸ್ ಬಾಕ್ಸಿನ ಹಿಂದಿನಿಂದ ದಟ್ಟ ಹೊಗೆ ಎದ್ದಿತು. ಟರ್ಮಿನಲ್ ಕಿತ್ತು ಎಸೆಯುವಷ್ಟರಲ್ಲಿ ಮೊಳದುದ್ದದ ವೈರಿಂಗ್ ಕರಗಿ ಒಂದೇ ಮುದ್ದೆಯಾಗಿತ್ತು. ಕೆಂಪು ಇರಬೇಕಾದಲ್ಲಿ ಹಸಿರು, ಹಸಿರು ಇರಬೇಕಾದಲ್ಲಿ ಕೆಂಪು.

ಮೇಷ್ಟರ ಬಾಯಿ ನನ್ನದು, ದೊಡ್ಡ ಕ್ಲಾಸಿನ ಕೊನೆಯ ಬೆಂಚಿಗೂ ಕೇಳಬೇಕಾದ ಬಾಯಿ. "ಕೆಂಪು ಯಾವ್ದು ಹಸಿರು ಯಾವ್ದು ಅಂತ ಗೊತ್ತಿಲ್ಲದವನು ಅಂಗಡಿ ಯಾಕಯ್ಯ ಇಟ್ಟೆ? ಮುಚ್ಕೊಂಡು ಹೋಗು!" ಅಂತ ಕೂಗಾಡಿದೆ. ರಸ್ತೆಯಲ್ಲಿ ಹೋಗುವವರೂ ನಿಂತರು. ಅವನು ಸುಟ್ಟ ಕೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನನ್ನೇ ನೋಡಿದ. ಆ ನೋಟ ಸಿಟ್ಟಿನದಾಗಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲ...

ಅಮ್ಮನನ್ನು ಅದೇ ಜೀಪಿನಲ್ಲಿ ತಂದೆವು. ಕಾರಿನ ಮುಂಭಾಗದ ವೈರಿಂಗನ್ನು ಚಿಕ್ಕಮಗಳೂರಿನಲ್ಲಿ ಬೇರೆ ಯಾರೋ ಹೊಸದಾಗಿ ಹಾಕಿದರು. ಮೂರೇ ತಿಂಗಳಲ್ಲಿ ತಗಡಿನ ಶೆಡ್ಡಿಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ ಕಳಸದ ಕಡೆ ಹೋದರು ಅಂತ ಸುದ್ದಿ. ಹೋಗಲಿ ಬಿಡು, ಊರಿಗೊಂದು ಪೀಡೆ ತಪ್ಪಿತು ಅಂತ ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ಹತ್ತು ವರ್ಷ ಕಳೆದಿರಬೇಕು, ಕುದುರೆಮುಖದಲ್ಲಿ ಗಣಿ ನಿಲ್ಲುತ್ತದೆ ಅಂತ ಎಲ್ಲ ಕಡೆ ಮಾತಿದ್ದ ಕಾಲ. ನನ್ನ ಎರಡೆಕರೆಯ ಕೊಯ್ಲಿಗೆ ಆ ವರ್ಷ ಆಳು ಸಿಗದೆ, ಮೇಸ್ತ್ರಿ ಕಳಸದ ಕಡೆಯಿಂದ ಒಂದು ಗುಂಪು ಕರೆತಂದ. ಅದರಲ್ಲಿ ವೈರಿಂಗಿನವನ ಹೆಂಡತಿಯೂ ಇದ್ದಳು. ನಾನು ಗುರುತು ಹಿಡಿಯಲಿಲ್ಲ, ಅವಳೇ ಮಾತಾಡಿಸಿದಳು. ನಿಮ್ಮ ಯಜಮಾನರು ಹೇಗಿದ್ದಾರೆ ಅಂದೆ. ಪಂಕ್ಚರ್ ಹಾಕ್ತಾರೆ ಅಂದಳು. ವೈರಿಂಗ್ ಯಾಕೆ ಬಿಟ್ಟ ಅಂತ ಕೇಳಿದೆ. ಕೇಳಲು ನನಗೆ ನಾಚಿಕೆಯೂ ಆಗಲಿಲ್ಲ ನೋಡಿ. ಅವಳು ಕೊಯ್ಯುವ ಕೈ ನಿಲ್ಲಿಸದೆ ಹೇಳಿದಳು.

"ಅವ್ರಿಗೆ ಹಣ್ಣೂ ಒಂದೇ, ಕಾಯೀನೂ ಒಂದೇ ಮೇಷ್ಟ್ರೇ. ಹುಟ್ಟಿದಾಗಿಂದ ಕಣ್ಣೇ ಹಾಗೆ. ಬಣ್ಣ ನಾನು ಹೇಳ್ತಿದ್ದೆ, ಗಂಟು ಹಾಕ್ತಿದ್ದೆ. ಒಂದು ಗಂಟು ಕೆಂಪು, ಎರಡು ಗಂಟು ಹಸಿರು, ಮೂರು ಕಾಫಿಪುಡಿ ಬಣ್ಣ. ಒಂದ್ಸಲ ಗಂಟು ಹಾಕಿದ್ರೆ ಸಾಕು, ಅವ್ರ ಕೈ ತಪ್ತಿರ್ಲಿಲ್ಲ. ನಿಮ್ಮ ಕಾರಲ್ಲಿ ಎಲ್ಲಾ ದಾರಾನೂ ಉದುರಿಹೋಗಿತ್ತಲ್ಲ... ನಾನು ಮೇಣ ಸರಿ ತಿಕ್ಕಿರ್ಲಿಲ್ವೇನೋ. ಇನ್ನೆಷ್ಟು ಗಾಡಿಲಿ ಹೀಗೆ ಉದುರ್ತದೋ, ಯಾವತ್ತು ಯಾರ ಗಾಡಿಗೆ ಬೆಂಕಿ ಹತ್ತುತ್ತದೋ ಅಂತ ಅವ್ರಿಗೆ ನಿದ್ದೆನೇ ಬರ್ತಿರ್ಲಿಲ್ಲ. ಅದಕ್ಕೇ ಬಿಟ್ರು. ಟಯರಿಗಾದ್ರೆ ಬಣ್ಣ ಇಲ್ವಲ್ಲ."

ನನ್ನ ಬೈಗುಳಕ್ಕಲ್ಲ, ನನ್ನ ಸುಳ್ಳಿಗೆ ಅವನು ಅಂಗಡಿ ಮುಚ್ಚಿದ್ದ. ದಾರ ಉದುರಿಲ್ಲ ಕಣಮ್ಮ, ನಾನೇ ಕತ್ತರಿಸಿದ್ದು ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅವಳ ಬುಟ್ಟಿ ತುಂಬಿತು. ಅವಳು ಮುಂದಿನ ಗಿಡಕ್ಕೆ ಹೋದಳು.

ಅವಳಿಗಲ್ಲ, ಅವನಿಗೇ ಹೇಳಬೇಕು ಅಂತ ನಿರ್ಧಾರ ಮಾಡಿದೆ. ಕೊಯ್ಲು ಮುಗಿಯಲಿ ಅಂದೆ, ಮೆಣಸು ಮುಗಿಯಲಿ ಅಂದೆ. ಕೊನೆಗೊಂದು ದಿನ ಕಳಸಕ್ಕೆ ಹೋದೆ. ಸುಮ್ಮನೆ ಹೋಗಿ ಎದುರು ನಿಲ್ಲಲು ಧೈರ್ಯ ಬರದೆ, ಊರ ಹೊರಗೆ ಕಾರು ನಿಲ್ಲಿಸಿ ನನ್ನ ಟಯರಿನ ಗಾಳಿಯನ್ನು ನಾನೇ ಬಿಟ್ಟು, ಅದನ್ನು ಬಿಚ್ಚಿ ಅವನ ಅಂಗಡಿಗೆ ಉರುಳಿಸಿಕೊಂಡು ಹೋದೆ. ಎಂಥ ಹೇಡಿ ನೋಡಿ.

ಅವನು ನೋಡಿದ ಕೂಡಲೇ ಗುರುತು ಹಿಡಿದ. ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಸುತ್ತಲೂ ಅದ್ದಿ ನೋಡಿದ. ಒಂದು ಗುಳ್ಳೆಯೂ ಬರಲಿಲ್ಲ. "ಎಲ್ಲೂ ತೂತಿಲ್ವಲ್ಲ ಸರ್" ಅಂತ ನನ್ನ ಮುಖ ನೋಡಿದ. ಈಗ ಹೇಳುತ್ತೇನೆ ಅಂತ ಬಾಯಿ ತೆರೆದೆ. ಮೂವತ್ತು ವರ್ಷ ಮಕ್ಕಳನ್ನು ಎದ್ದು ನಿಲ್ಲಿಸಿ ತಪ್ಪು ಒಪ್ಪಿಸಿದ ಬಾಯಿ ಅದು. ಅಷ್ಟರಲ್ಲಿ ಅವನೇ ಕೇಳಿದ.

"ಲೈಟು ಈಗ ಸರಿ ಬರ್ತಾ ಇದೆಯಾ ಸರ್? ಅವತ್ತು ನನ್ನಿಂದ ನಿಮಗೆ ಭಾರಿ ತೊಂದ್ರೆ ಆಯ್ತು."

"ಬರ್ತಾ ಇದೆ" ಅಂದೆ. ಅಷ್ಟೇ ಅಂದದ್ದು. ಟಯರು ಹಾಕಿಸಿಕೊಂಡು ವಾಪಸ್ ಬಂದೆ.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಜ್ವರದಲ್ಲಿ ಹೋಗಿಬಿಟ್ಟ ಅಂತ ಆ ಮೇಸ್ತ್ರಿಯೇ ಹೇಳಿದ. ಅವಳು ಮತ್ತೆ ನಮ್ಮ ಕಡೆ ಕೊಯ್ಲಿಗೆ ಬರಲಿಲ್ಲ. ಮಗಳ ಮನೆಗೆ ಹೋದಳು ಅಂತ ಒಬ್ಬರು, ಯಾವ ಮಗಳು ಅಂತ ಇನ್ನೊಬ್ಬರು... ವಿಚಾರಿಸಿ ವಿಚಾರಿಸಿ ನನಗೂ ವಯಸ್ಸಾಯಿತು.

ಮೊನ್ನೆ ಸಿಕ್ಕಿದ ದಾರ ನನ್ನ ಬ್ಲೇಡು ತಲುಪದ ಮೂಲೆಯಲ್ಲಿ, ಚಿಕ್ಕಮಗಳೂರಿನವರು ಮುಟ್ಟದೆ ಬಿಟ್ಟ ಹಳೇ ವೈರಿನ ಮೇಲೆ ಉಳಿದುಕೊಂಡಿತ್ತು. ಎರಡು ಗಂಟು. ವೈರಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಉಜ್ಜಿ ಟಾರ್ಚ್ ಬಿಟ್ಟೆ. ಹಸಿರು. ದಾರವನ್ನು ಎಳೆದು ನೋಡಿದೆ. ಇನ್ನೂ ಜೋರಾಗಿ ಎಳೆದೆ. ಬರಲಿಲ್ಲ. ಮೂವತ್ತು ಮಳೆಗಾಲ ಕಳೆದರೂ ಅವಳ ಗಂಟು ಹಾಕಿದಲ್ಲೇ ಗಟ್ಟಿಯಾಗಿ ಕೂತಿತ್ತು.